ಅಡವಿ ತೋರಿಸಿದ ಗಾಳೆವ್ವ

ಬಹಳ ಹಿಂದೆ, ಅಂದರೆ ಸರ್ವೆ ಕಲ್ಲಿಗೂ ಗೆಜೆಟ್ಟಿಗೂ ಸಿಗದಷ್ಟು ಹಿಂದೆ, ಕವಳಿಕೊಪ್ಪ ಅಂತ ಒಂದು ಊರಿತ್ತು. ಊರ ಬೆನ್ನಿಗೆ ಒಂದು ಗುಡ್ಡ, ಗುಡ್ಡದ ತುಂಬ ಅಡವಿ. ಆ ಅಡವಿಗೆ ಮೂಗಡವಿ ಅಂತ ಹೆಸರು. ಅದರ ಕೊಳ್ಳಗಳಲ್ಲಿ ನಿಂತು ಎಷ್ಟು ಗಟ್ಟಿಯಾಗಿ ಕೂಗಿದರೂ ಮಾರ್ದನಿ ಬರುತ್ತಿರಲಿಲ್ಲವಂತೆ. ಕೂಗು ಹೋಗುತ್ತಿತ್ತು, ಅಷ್ಟೆ. ಎಲ್ಲಿಗೆ ಹೋಗುತ್ತಿತ್ತು ಅಂತ ಮಕ್ಕಳು ಕೇಳಿದರೆ ಹಿರಿಯರು ಮಾತು ಬದಲಿಸುತ್ತಿದ್ದರು.

ಆ ಊರಲ್ಲಿ ಗಾಳೆವ್ವ ಅನ್ನುವವಳಿದ್ದಳು. ಈಗಿನವರು ಹೇಳುವಾಗ ಅವಳನ್ನು ಆರಡಿ ಎತ್ತರ ಮಾಡುತ್ತಾರೆ, ಹುಲಿ ಎದ್ದು ಅವಳಿಗೆ ದಾರಿ ಬಿಡುತ್ತಿತ್ತು ಅನ್ನುತ್ತಾರೆ. ಅವಳನ್ನು ಕಣ್ಣಾರೆ ಕಂಡವರು ಹೇಳಿ ಹೋದದ್ದು ಬೇರೆ. ಗಿಡ್ಡಿ, ಒಂದು ಕಾಲು ಸ್ವಲ್ಪ ಎಳೆದು ನಡೆಯುವವಳು, ಬಾಯಿ ಮಾತ್ರ ಬಲು ಚುರುಕು. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಸುಂಕವ್ವ, ಒಂಬತ್ತು ವರ್ಷದವಳು.

ಒಂದು ಬೇಸಿಗೆ, ಕವಳಿಹಣ್ಣು ಕರ್ರಗೆ ಮಾಗಿದ ಕಾಲ, ತಾಯಿ ಮಗಳು ಅಡವಿಗೆ ಹೋದರು. ಸುಡುಸುಡು ಮಧ್ಯಾಹ್ನ. ಗಾಳೆವ್ವ ಒಂದು ಮುಳ್ಳುಕೊಂಬೆ ಬಗ್ಗಿಸಿ ಹಿಡಿದು, "ಹರಿಯಬೇ ಲಗೂನ, ಕೈ ನೋಯಾಕ ಹತ್ತೈತಿ" ಅಂದಳು. ಹಣ್ಣು ಹರಿಯುವ ಕೈ ಬರಲಿಲ್ಲ. ತಿರುಗಿ ನೋಡಿದಳು. ಬುಟ್ಟಿ ಇತ್ತು. ಬುಟ್ಟಿಯಲ್ಲಿ ಹಣ್ಣಿತ್ತು. ಮಗಳಿರಲಿಲ್ಲ.

ಕೂಗಿದಳು. ಕೂಗು ಹೋಯಿತು, ಅಷ್ಟೆ.

ಊರವರು ಮೂರು ದಿನ ಹುಡುಕಿದರು. ನಾಲ್ಕನೇ ದಿನ ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅಡವಿಗೆ ಹನ್ನೆರಡು ಕೊಳ್ಳ, ಗಾಳೆವ್ವನಿಗೆ ಎರಡೇ ಕಣ್ಣು. ಅವಳು ಕೂತು ಯೋಚಿಸಿದ್ದು ಇಷ್ಟೇ ಅಂತಾರೆ: ಇನ್ನೂ ಕಣ್ಣು ಬೇಕು. ನೂರು ಕಣ್ಣು, ಸಾವಿರ ಕಣ್ಣು.

ಈಗ ವೇದಿಕೆ ಹತ್ತಿದವರೆಲ್ಲ ಗಾಳೆವ್ವನ ದೂರದೃಷ್ಟಿ, ಗಾಳೆವ್ವನ ಪರಿಸರ ಕಾಳಜಿ ಅಂತ ಭಾಷಣ ಮಾಡುತ್ತಾರೆ. ಮಾಡಲಿ ಪಾಪ. ಆ ಹೆಂಗಸಿಗೆ ಬೇಕಾಗಿದ್ದದ್ದು ಮಗಳು.

ಗುಡ್ಡದ ಸುತ್ತ ಮೂರು ಊರಿದ್ದವು. ಕವಳಿಕೊಪ್ಪದವರು ಅಡವಿಯಲ್ಲಿ ಇದ್ದಿಲು ಸುಡುತ್ತಿದ್ದರು, ಹಿರೇತೊರೆಯವರು ಬಿದಿರು ಕಡಿಯುತ್ತಿದ್ದರು, ಬಸರೀಹಾಳದವರು ಬೇಟೆಯಾಡುತ್ತಿದ್ದರು. ಮೂವರಿಗೂ ಅಡವಿ ಬೇಕು, ಒಬ್ಬರಿಗೆ ಇನ್ನೊಬ್ಬರು ಬೇಡ. ಗುಡ್ಡದ ಬುಡದಲ್ಲಿ ಹೆದ್ದಾರಿ. ಅದರಲ್ಲಿ ಹೇರೆತ್ತಿನ ವ್ಯಾಪಾರಿಗಳು, ಯಾತ್ರೆಗೆ ಹೊರಟವರು, ಮೇಣೆಯಲ್ಲಿ ಕೂತ ಶ್ರೀಮಂತರ ಹೆಂಡಿರು ಹೋಗುತ್ತ ಬರುತ್ತ ಇದ್ದರು. ಗಾಳೆವ್ವ ಮೂರೂ ಊರ ಕಟ್ಟೆಗೆ ಹೋದಳು. ಆ ಮಂದಿಯನ್ನು ನಿಲ್ಲಿಸೋಣ, ಅಡವಿ ತೋರಿಸೋಣ ಅಂದಳು. ಕೊಪ್ಪದವರು ಮುಂದೆ ನಡೆದು ದಾರಿ ತೋರಿಸಬೇಕು, ತೊರೆಯವರು ನಡುವೆ ರೊಟ್ಟಿ ಬಡಿದು ಹಾಕಬೇಕು, ಹಾಳದವರು ಯಾರೂ ಹಿಂದೆ ಉಳಿಯದ ಹಾಗೆ ಕೊನೆಯಲ್ಲಿ ನಡೆಯಬೇಕು. ಬಂದವರು ಕೊಡುವ ಕಾಳು, ಎಣ್ಣೆ, ಬಟ್ಟೆ ಮೂರೂರಿಗೂ ಸಮ.

ಬಸರೀಹಾಳದ ಗೌಡ ನಕ್ಕುಬಿಟ್ಟನಂತೆ. "ಗಿಡಾ ನೋಡಾಕ ಯಾರರ ಬರ್ತಾರೇನಬೇ ಹುಚ್ಚಿ? ಗಿಡಾ ನೋಡಿ ಏನ್ ಮಾಡ್ತಾರ?"

"ಗುಡಿಗೆ ಹೋಗಿ ಕಲ್ಲು ನೋಡಿ ಏನ್ ಮಾಡ್ತೀರಿ, ಗೌಡ್ರ?" ಅಂದಳು ಗಾಳೆವ್ವ.

ಕಟ್ಟೆಯ ಮೇಲಿದ್ದ ಮುದುಕರೆಲ್ಲ ನಕ್ಕರು, ಗೌಡ ನಗುವುದನ್ನು ನಿಲ್ಲಿಸಿದ. ಅಲ್ಲಿಗೆ ಮಾತು ಗೆದ್ದಳು ಅಂತಾರೆ. ಅವಳು ಹಾಕಿದ ಕಟ್ಟಳೆ ಒಂದೇ. ಬಂದವರು ನಡೆಯುವ ದಾರಿಯ ಎಡಬಲದಲ್ಲಿ ಒಂದು ಕೊಂಬೆಗೂ ಕೊಡಲಿ ಹಚ್ಚಬಾರದು, ಒಂದು ಬಾಣವನ್ನೂ ಬಿಡಬಾರದು. ಎಲ್ಲರೂ ಒಪ್ಪಿದರು. ಆಮೇಲೆ ನೋಡಿದರೆ ಅವಳು ಹನ್ನೆರಡೂ ಕೊಳ್ಳಕ್ಕೆ ದಾರಿ ಎಳೆದಿದ್ದಳು. ಇದ್ದಿಲ ಗುಂಡಿಗಳಲ್ಲಿ ಹುಲ್ಲು ಬೆಳೆಯಿತು. ಬಿಲ್ಲುಗಳು ಅಟ್ಟ ಸೇರಿದವು.

ಒಳಗೆ ಹೋಗುವಾಗ ಅಡವಿಯ ಬಾಯಲ್ಲಿ ಒಬ್ಬೊಬ್ಬರೂ ಒಂದೊಂದು ಕಲ್ಲಿಡಬೇಕು. ಹೊರಗೆ ಬಂದಾಗ ಒಂದೊಂದು ಎತ್ತಿ ಆಚೆ ಹಾಕಬೇಕು. ಕಲ್ಲು ಉಳಿದರೆ ಮನುಷ್ಯ ಉಳಿದಿದ್ದಾನೆ ಅಂತ ಅರ್ಥ. ಏಳು ವರ್ಷ ಹೀಗೆ ನಡೆಯಿತು. ಏಳು ವರ್ಷದಲ್ಲಿ ಒಂದು ಕಲ್ಲೂ ಉಳಿಯಲಿಲ್ಲವಂತೆ.

ಜನ ಬಂದರು, ನೋಡಿದರು. ಗಾಯವಾದರೆ ರಕ್ತದ ಹಾಗೆ ಕೆಂಪು ಸುರಿಸುವ ಹೊನ್ನೆಮರ ನೋಡಿದರು, ಬಂಡೆಯ ಬಿರುಕಿಗೆ ಇಳಿದು ಮತ್ತೆಲ್ಲೂ ಏಳದ ತೊರೆ ನೋಡಿದರು, ಜೇನು ಜೋತ ಕಲ್ಲುಗೋಡೆ ನೋಡಿದರು. ಅವರ ಕಣ್ಣೆಲ್ಲ ಮರದ ಮೇಲೆ, ಗಾಳೆವ್ವನ ಕಣ್ಣು ಅವರ ಮುಖದ ಮೇಲೆ. ಯಾರಾದರೂ ಏನಾದರೂ ಕಂಡಾರೇ ಅಂತ.

ಕಂಡರು. ಮೊದಲು ಕಂಡವಳು ಯಾತ್ರೆಯ ಮುದುಕಿ. ಹೊರಗೆ ಬಂದು ಕಲ್ಲು ಎತ್ತುತ್ತ, "ನಾಕನೇ ಕೊಳ್ಳದಾಗ ನನಗ ನೀರು ಕೊಟ್ಟಿತಲ್ಲ ಆ ಕೂಸು, ಯಾರ ಮಗಳು?" ಅಂದಳಂತೆ. ಅಂದು ಗುಂಪಿನಲ್ಲಿ ಕೂಸುಗಳೇ ಇರಲಿಲ್ಲ. ಗಾಳೆವ್ವ ಓಡಿದಳು. ನಾಲ್ಕನೇ ಕೊಳ್ಳದಲ್ಲಿ ಒಂದು ಬಂಡೆ ಒದ್ದೆಯಾಗಿತ್ತು, ಅಷ್ಟೆ. ಮರುವರ್ಷ ಒಬ್ಬ ಎಣ್ಣೆ ವ್ಯಾಪಾರಿ, ಹುಡುಗಿಯೊಬ್ಬಳು ಕವಳಿಹಣ್ಣು ಬೇಕೇನು ಅಂತ ಕೇಳಿದಳು ಅಂದ. ಅದು ಮಾಘಮಾಸ, ಕವಳಿ ಹೂಬಿಟ್ಟೂ ಇರಲಿಲ್ಲ. ಹೀಗೆ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಕಾಣುತ್ತಿದ್ದಳು. ಗಾಳೆವ್ವನಿಗೆ ಮಾತ್ರ ಕಾಣುತ್ತಿರಲಿಲ್ಲ. ಅವಳು ತಿರುಗುವಷ್ಟರಲ್ಲಿ ಹುಲ್ಲು ಮೆಲ್ಲಗೆ ನೆಟ್ಟಗಾಗುತ್ತಿತ್ತು.

ಏಳನೇ ವರ್ಷ ಆ ಸೀಮೆಯ ದೇಸಾಯರು ಹೊಸ ವಾಡೆ ಕಟ್ಟಿಸಲು ಹೊರಟರು. ತೊಲೆಗೆ, ಕಂಬಕ್ಕೆ, ದಿಡ್ಡಿಬಾಗಿಲಿಗೆ ಮೂಗಡವಿಯ ತೇಗವೇ ಆಗಬೇಕು ಅಂತ ಹೇಳಿ ಕಳಿಸಿದರು. ಮೂರೂರಿಗೆ ಉಸಿರು ನಿಂತಿತು. ಹಿರಿಯರೆಲ್ಲ ಗಾಳೆವ್ವನ ಮನೆ ಮುಂದೆ ಕೂತು, ಕೊಡಲಿ ಮರೆತುಹೋಗುವ ಹಾಗೆ ತೋರಿಸು ತಾಯಿ ಅಂತ ಬೇಡಿಕೊಂಡರಂತೆ. ನಕ್ಕಿದ್ದ ಗೌಡನೂ ಇದ್ದ.

ದೇಸಾಯರು ಬಂದರು. ಜೊತೆಗೆ ಮರಕ್ಕೆ ಗುರುತು ಹಾಕಲು ಸುಣ್ಣದ ಗಡಿಗೆ ಹಿಡಿದ ಬಡಗಿಗಳು, ಆಳುಗಳು, ಮತ್ತೆ ಹಟ ಮಾಡಿ ಬಂದ ಮಗಳು ಶಾಂಭವಿ. ಒಂಬತ್ತು ವರ್ಷದವಳು, ಹಸಿರು ರೇಷ್ಮೆ ಪರಕಾರ ಉಟ್ಟಿದ್ದಳು. ಎಲ್ಲ ಸೇರಿ ಹನ್ನೆರಡು ಜನ. ಹನ್ನೆರಡು ಕಲ್ಲು ಇಟ್ಟರು.

ಅವತ್ತು ತೋರಿಸಿದ ಹಾಗೆ ಗಾಳೆವ್ವ ಎಂದೂ ತೋರಿಸಿರಲಿಲ್ಲ ಅಂತಾರೆ. ಒಂದೊಂದು ಮರದ ಕೆಳಗೂ ನಿಲ್ಲಿಸಿ ಅದರ ಕಥೆ ಹೇಳಿದಳು. ಬಡಗಿಗಳ ಕುಂಚದಲ್ಲಿ ಸುಣ್ಣ ಒಣಗಿತು. ಒಬ್ಬನು ಸುಮ್ಮನೆ ಪರೀಕ್ಷೆಗೆ ಅಂತ ಹೊನ್ನೆಮರಕ್ಕೆ ಉಳಿ ತಾಗಿಸಿದ. ಕೆಂಪು ಇಳಿಯಿತು. ಶಾಂಭವಿ ಚೀರಿದಳು. ದೇಸಾಯರು ತಮ್ಮ ಶಲ್ಯದಿಂದ ಮರವನ್ನು ಒರೆಸಿದರಂತೆ, ಗಾಯವಾದ ಮಗುವನ್ನು ಒರೆಸುವ ಹಾಗೆ.

ಹೊತ್ತು ಇಳಿಯುವ ಮುಂಚೆ ಹೊರಗೆ ಬಂದರು. ಮೂರೂರ ಜನ ಸೇರಿತ್ತು. "ಗಾಳೆವ್ವ, ಈ ಅಡವಿಗೆ ನಾ ಕೊಡ್ಲಿ ಹಚ್ಚೂದಿಲ್ಲ. ನನ್ನ ವಾಡೇಕ ತೊಲಿ ಬ್ಯಾರೆ ಕಡಿಂದ ತರಸ್ತೀನಿ" ಅಂದರು ದೇಸಾಯರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಒಬ್ಬೊಬ್ಬರೇ ಕಲ್ಲು ಎತ್ತಿ ಹಾಕಿದರು. ಹತ್ತು. ಹನ್ನೊಂದು. ಕೊನೆಯ ಕಲ್ಲಿಗೆ ಹಸಿರು ಪರಕಾರದ ಹುಡುಗಿ ಬಗ್ಗಿದಳು. ಹನ್ನೆರಡು. ಎಲ್ಲ ಸರಿಯಾಯಿತು.

"ಬಾರವ್ವ ಶಾಂಭವಿ" ಅಂದರು ದೇಸಾಯರು. ಹುಡುಗಿ ತಲೆ ಎತ್ತಿದಳು.

ಅವಳು ಸುಂಕವ್ವ.

ಏಳು ವರ್ಷದಲ್ಲಿ ಒಂದು ದಿನವೂ ದೊಡ್ಡವಳಾಗಿರಲಿಲ್ಲ. ಅದೇ ಹುಬ್ಬು, ಅದೇ ಮುರಿದ ಮುಂದಿನ ಹಲ್ಲು. ಕೈಗೆ ಕವಳಿಯ ಹಾಲು ಮೆತ್ತಿತ್ತು, ಇನ್ನೂ ಹಸಿ. ಗಾಳೆವ್ವ ಸುತ್ತ ನೋಡಿದಳು. ಯಾರೂ ಬೆಚ್ಚಲಿಲ್ಲ. ಆಳು ಅವಳಿಗೆ ಕೊಡೆ ಹಿಡಿದ. ದೇಸಾಯರು ಅವಳ ಕೈಯ ಅಂಟನ್ನು ಒರೆಸುತ್ತ ಶಾಂಭವಿ ಅಂತಲೇ ಮಾತಾಡಿಸುತ್ತಿದ್ದರು. ಹಡೆದವನ ಕಣ್ಣಿಗೂ ಅದು ಅವನ ಮಗಳೇ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಡವಿ ಉಳಿದಿತ್ತು, ಮೂರೂರು ಉಳಿದಿತ್ತು. ಮಗಳು ಮೇಣೆಯಲ್ಲಿ ಹೋಗುತ್ತಿದ್ದಳು, ತುಪ್ಪದನ್ನ ಉಣ್ಣುತ್ತಿದ್ದಳು, ದೊಡ್ಡವಳಾಗುತ್ತಿದ್ದಳು. ವರ್ಷಕ್ಕೊಮ್ಮೆ ವಾಡೆಯ ಬಾಗಿಲಲ್ಲಿ ನಿಂತು ದೂರದಿಂದ ನೋಡಿ ಬಂದರೂ ಆಗುತ್ತಿತ್ತು. ಲೋಕದಲ್ಲಿ ಎಷ್ಟೋ ತಾಯಂದಿರು ಅಷ್ಟರಲ್ಲೇ ಬದುಕಿದ್ದಾರೆ. ಗಾಳೆವ್ವ ನಿಂತೇ ಇದ್ದಳಂತೆ, ಮೇಣೆ ಹತ್ತಿರ ಬರುವವರೆಗೂ.

ಆದರೆ ಒಳಗೆ, ಯಾವುದೋ ಕೊಳ್ಳದಲ್ಲಿ, ಒಂದು ಹುಡುಗಿ ಅಪ್ಪಾ ಅಂತ ಕೂಗುತ್ತಿದ್ದಳು. ಕೇಳಿಸುತ್ತಿರಲಿಲ್ಲ. ಆ ಅಡವಿಯಲ್ಲಿ ಕೂಗು ಕೇಳಿಸುವುದಿಲ್ಲ ಅನ್ನುವುದು ಗಾಳೆವ್ವನಿಗೆ ಗೊತ್ತಿತ್ತು.

"ಧಣ್ಯಾರ" ಅಂದಳು, "ಸಣ್ಣವ್ವಾರದು ಒಂದು ಒಳಗ ಉಳದೈತಿ. ನಾವಿಬ್ಬರೂ ಹೋಗಿ ತರ್ತೀವಿ."

"ಏನು ಉಳದೈತಿ? ಗೆಜ್ಜಿ ಏನು? ಹೋಗ್ಲಿ ಬಿಡು, ಬ್ಯಾರೆ ಮಾಡಸ್ತೀನಿ."

"ಬ್ಯಾರೆ ಮಾಡಸಾಕ ಬರೂದಿಲ್ರಿ" ಅಂದಳು ಗಾಳೆವ್ವ. ಹುಡುಗಿಯ ಕೈ ಹಿಡಿದಳು. ಕೈ ತಣ್ಣಗಿತ್ತು, ಹಳೆಯ ಅಳತೆಗೆ ಸರಿಯಾಗಿ ಕೂತಿತು.

ಒಳಗೆ ನಡೆದದ್ದನ್ನು ಯಾರು ಕಂಡರು ಅಂತ ನೀವು ಕೇಳಬಹುದು. ಶಾಂಭವಿ ಕಂಡಳು. ಎಷ್ಟೋ ವರ್ಷಗಳ ಮೇಲೆ, ತಾನು ಮುದುಕಿಯಾದ ಮೇಲೆ ಹೇಳಿದಳು. ಅವಳು ನಾಲ್ಕನೇ ಕೊಳ್ಳದ ಬಂಡೆಯ ಮೇಲೆ ಕೂತಿದ್ದಳಂತೆ. ಕೂಗಿ ಕೂಗಿ ದನಿ ಹೋಗಿತ್ತು. ಮುಂದೆಯೇ ದಾರಿಯಿತ್ತು, ಎದ್ದರೆ ಕಾಲು ಬರುತ್ತಿರಲಿಲ್ಲ. ಗಾಳೆವ್ವ ಬರುವುದು ಕಂಡಿತು. ಅವಳ ಕೈ ಹಿಡಿದು ಇನ್ನೊಬ್ಬಳು, ತನ್ನದೇ ಪರಕಾರ ಉಟ್ಟವಳು. ಬಗ್ಗಿ ನೋಡಿಕೊಂಡರೆ ತನ್ನ ಮೈಮೇಲೂ ಅದೇ ಪರಕಾರ.

ಆ ಹುಡುಗಿ ಅಳುತ್ತಿದ್ದಳಂತೆ. "ಅವ್ವಾ, ಹೊರಗ ಇರೂಣು. ಅಲ್ಲಿ ಬಿಸಿಲೈತಿ."

"ಏಳು ವರ್ಷ ಎಲ್ಲಿದ್ದೆಬೇ?" ಅಂತ ಗಾಳೆವ್ವ ಕೇಳಿದಳಂತೆ.

"ಇಲ್ಲೇ ಇದ್ದೆ. ನೀ ದಿನಾ ಬರ್ತಿದ್ದಿ. ಮಂದಿಗೆ ಎಲ್ಲಾ ತೋರಸ್ತಿದ್ದಿ. ನೀ ಮಾತ್ರ ಒಂದು ಗಿಡಾನೂ ನೋಡ್ತಿದ್ದಿಲ್ಲ."

ಗಾಳೆವ್ವ ಆಗ ಮೊದಲ ಸಲ ತಲೆಯೆತ್ತಿ ಅಡವಿಯನ್ನು ನೋಡಿದಳು ಅಂತಾರೆ. ಬಹಳ ಹೊತ್ತು ನೋಡಿದಳು. ಆಮೇಲೆ ಶಾಂಭವಿಯನ್ನು ಎಬ್ಬಿಸಿ ದಾರಿಗೆ ನಿಲ್ಲಿಸಿ, ಬೆನ್ನಿಗೆ ಕೈಯಿಟ್ಟು, "ಹೋಗು, ಎಲ್ಲೂ ನಿಲ್ಲಬ್ಯಾಡ, ಅಪ್ಪ ಕಾಯಾಕ ಹತ್ಯಾರ" ಅಂದಳು. ಶಾಂಭವಿ, ನೀನೂ ಬಾ ಅಂದಳಂತೆ. "ಇದನ್ನ ಒಂದನ್ನ ಬಿಟ್ಟು ಹೆಂಗ ಬರ್ಲಿ?" ಅಂದಳು ಗಾಳೆವ್ವ.

ಹುಡುಗಿ ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಕಲ್ಲಿಟ್ಟ ಜಾಗಕ್ಕೆ ಹೋಗಿ ಬಗ್ಗಿ ತನ್ನ ಕಲ್ಲು ಹುಡುಕಿದಳು. ಅವಳು ಆಗಲೇ ಅದನ್ನು ಎತ್ತಿ ಹಾಕಿದ್ದನ್ನು ಎಲ್ಲರೂ ಕಂಡಿದ್ದರು. ಈಗ ಮತ್ತೇನು ಹುಡುಕುತ್ತೀ ಅಂತ ಅಪ್ಪ ಕೇಳಿದರು. ಅವಳು ಅವರ ಮುಖವನ್ನೇ ನೋಡಿದಳಂತೆ. ಗಾಳೆವ್ವ ಎಲ್ಲಿ ಅಂತ ಕೇಳಿದ್ದಕ್ಕೆ, "ಬರೂದಿಲ್ಲಂತ" ಅಂದಳು.

ಮೂರೂರ ಜನ ಹನ್ನೆರಡು ಕೊಳ್ಳವನ್ನೂ ಜಾಲಾಡಿದರು. ಸಿಗಲಿಲ್ಲ. ದೇಸಾಯರು ಕೊಟ್ಟ ಮಾತು ಉಳಿಸಿಕೊಂಡರು. ಅವರ ವಾಡೆ ಬೇವಿನ ತೊಲೆಯಲ್ಲೇ ಎದ್ದಿತು. ಶಾಂಭವಿ ಬೆಳೆದಳು, ಮದುವೆಯಾದಳು, ಹಡೆದಳು. ಆದರೆ ಅವಳ ತಾಯಿ ಪ್ರತಿದಿನ ಬೆಳಿಗ್ಗೆ ತಲೆ ಬಾಚುವಾಗ ಗದ್ದ ಹಿಡಿದೆತ್ತಿ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದಳು ಅಂತಾರೆ, ಮದುವೆಯ ದಿನದವರೆಗೂ. ಬಂದವಳು ಯಾರು ಅಂತ ಖಚಿತವಾಗಿ ಹೇಳಬಲ್ಲವಳು ಒಬ್ಬಳೇ ಇದ್ದಳು, ಅವಳು ಒಳಗೇ ಉಳಿದಳು.

ಈಗ ಅಡವಿಯ ಬಾಯಲ್ಲಿ ಬೋರ್ಡಿದೆ, ಟಿಕೆಟ್ಟಿದೆ, ಎರಡು ಜೀಪಿವೆ. ಮೂರೂರವರೇ ಸಮಿತಿ ಮಾಡಿಕೊಂಡು ನಡೆಸುತ್ತಾರೆ. ಸಮಿತಿಯಲ್ಲಿ ಜಗಳ ಬೇಕಾದಷ್ಟಿದೆ, ದಾರಿ ಮಾತ್ರ ಹನ್ನೆರಡೂ ಹಾಗೇ ಇವೆ. ಮುಂದೆ ಈಗಲೂ ಕೊಪ್ಪದವರೇ ನಡೆಯುತ್ತಾರೆ, ಕೊನೆಗೆ ಹಾಳದವರು. ಬಂದವರು ಕಲ್ಲಿಡುತ್ತಾರೆ. ಆದರೆ ಹೊರಬಂದ ಕೂಡಲೇ ಕಲ್ಲು ಎತ್ತಲು ಬಿಡುವುದಿಲ್ಲ. ಮೊದಲು ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಬೇಕು. ಗಂಡ ಹೆಂಡತಿಯದು, ಗೆಳೆಯ ಗೆಳೆಯನದು, ತಾಯಿ ಮಗುವಿನದು. ನೋಡಿ, "ಹೌದು, ಇದು ನಮ್ಮದೇ" ಅಂತ ಬಾಯಿಬಿಟ್ಟು ಹೇಳಬೇಕು. ಒಂಟಿಯಾಗಿ ಬಂದವರಿದ್ದರೆ ದಾರಿ ತೋರಿಸಿದವರೇ ಅವರ ಮುಖ ನೋಡಿ ಹೇಳುತ್ತಾರೆ. ಅದಕ್ಕೆ ಗಾಳೆವ್ವನ ಮಾತು ಅಂತ ಹೆಸರು.

ಪಟ್ಟಣದವರು ಮೊದಲು ನಗುತ್ತಾರೆ, ಫೋನು ಎತ್ತಿ ಚಿತ್ರ ತೆಗೆಯುತ್ತಾರೆ. ನಗುತ್ತಲೇ ಮಗುವಿನ ಗದ್ದ ಹಿಡಿದು ನೋಡುತ್ತಾರೆ. ಹತ್ತರಲ್ಲಿ ಒಬ್ಬ ತಾಯಿಗೆ ಆ ನಗು ಅರ್ಧಕ್ಕೇ ನಿಲ್ಲುತ್ತದೆ. ಅವಳು ಇನ್ನೊಂದು ಸಲ ನೋಡುತ್ತಾಳೆ. ಆಗ ಯಾರೂ ಅವಸರ ಮಾಡುವುದಿಲ್ಲ. ಜೀಪಿನವನು ಹಾರ್ನ್ ಹಾಕುವುದಿಲ್ಲ. ಮೂರೂರವರು ಕೈಕಟ್ಟಿ, ತಲೆ ತಗ್ಗಿಸಿ, ಅವಳು ಬಾಯಿಬಿಡುವವರೆಗೂ ಅಲ್ಲೇ ಕಾಯುತ್ತಾರೆ.