ಒಂದೇ ಥರದ ಎಂಟು ಡಬ್ಬ

"ಗುರುಗಳೇ, ಪ್ರೀತಿಯಿಂದ ಮಾಡಿದ ಕೆಲಸವೇ ಇನ್ನೊಬ್ಬರಿಗೆ ನೋವು ಕೊಟ್ಟರೆ ಅದು ಯಾರ ತಪ್ಪು?" ಎಂದು ಶಿಷ್ಯ ಮುಕುಂದ ಕೇಳಿದ.

ಗುರುಗಳು ಹೇಳಿದರು: "ತಪ್ಪು ಯಾರದು ಅಂತ ಗೊತ್ತಾದರೆ ನಿನಗೆ ನಿದ್ದೆ ಬರುತ್ತದೋ? ಸರಿ, ಕೂತುಕೋ. ನಡುವೆ ಬಾಯಿ ಹಾಕಬೇಡ."

ಒಂದು ಮನೆಯಲ್ಲಿ ಅತ್ತೆ ಮತ್ತು ಸೊಸೆ ಇದ್ದರು. ಅತ್ತೆ ಸೊಸೆ ಅಂದ ಕೂಡಲೇ ಜಗಳ ಅಂದುಕೊಳ್ಳಬೇಡ, ಇಬ್ಬರೂ ಚೆನ್ನಾಗಿಯೇ ಇದ್ದರು. ಅಡುಗೆ ಅತ್ತೆಯದು, ಮಿಕ್ಕ ಕೆಲಸ ಸೊಸೆಯದು. ಹಬ್ಬವೇ ಇರಲಿ, ಸೂತಕವೇ ಇರಲಿ, ಅತ್ತೆ ಮಾಡಿದ ಅಡುಗೆ ತಪ್ಪಿದ್ದೇ ಇಲ್ಲ. ಆ ಮನೆಯಲ್ಲಿ ಅವಳ ಗೌರವವೆಲ್ಲ ಆ ಒಲೆಯ ಮುಂದೆಯೇ ಇತ್ತು.

ಒಮ್ಮೆ ಅತ್ತೆ ತಂಗಿಯ ಮನೆಗೆ ಹೋದಳು. ಹದಿನೈದು ದಿನ ಬರುವುದಿಲ್ಲ. ಸೊಸೆಗೆ ಒಂದು ಆಸೆ ಹುಟ್ಟಿತು. ಈಗ ಪೇಟೆಯಲ್ಲಿ ಪಾಲಿಮರ್ ಕ್ಲೇ ಅಂತ ಸಿಗುತ್ತದಲ್ಲ, ಬಣ್ಣಬಣ್ಣದ ಮೆತ್ತನೆಯ ಮುದ್ದೆ. ಅದನ್ನು ತಟ್ಟಿ ಹೂವು, ಎಲೆ ಮಾಡಿ, ಓವನ್ನಿನ ಬಿಸಿಯಲ್ಲಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅಡುಗೆಮನೆಯ ಶೆಲ್ಫಿನಲ್ಲಿ ಮೂವತ್ತು ವರ್ಷದ ಎಂಟು ಸ್ಟೀಲ್ ಡಬ್ಬಗಳಿದ್ದವು. ಒಂದೂ ನೆಟ್ಟಗಿರಲಿಲ್ಲ. ಸೊಸೆ ಕೈಬೆರಳು ನೋಯುವವರೆಗೆ ಕೂತು ಎಂಟಕ್ಕೂ ತಳದಿಂದ ಅಂಚಿನವರೆಗೆ ಸುತ್ತಲೂ ಕ್ಲೇ ಮೆತ್ತಿ ಓವನ್ನಿನಲ್ಲಿ ಗಟ್ಟಿ ಮಾಡಿದಳು. ಸೆಟ್ ಅಂದಮೇಲೆ ಒಂದೇ ಥರ ಇರಬೇಡವೇ? ಎಂಟರ ಮೇಲೂ ಅದೇ ದಾಸವಾಳ, ಅದೇ ಬಳ್ಳಿ. ಮುಚ್ಚಳದ ಮೇಲೆ ಸಣ್ಣ ಅಕ್ಷರದಲ್ಲಿ ಉಪ್ಪು, ಸಕ್ಕರೆ, ರವೆ ಅಂತ ಚೀಟಿ ಅಂಟಿಸಿದಳು.

ಅತ್ತೆ ಬಂದಳು. ಒಂದೊಂದು ಡಬ್ಬವನ್ನೂ ಕೈಗೆ ತೆಗೆದುಕೊಂಡು ಸುತ್ತಲೂ ಸವರಿದಳು. ತುಂಬಾ ಹೊತ್ತು ಸವರಿದಳು. ಆಮೇಲೆ, "ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮ" ಎಂದಳು. ಸೊಸೆ ಹಿಗ್ಗಿ ಹೀರೇಕಾಯಿಯಾದಳು.

ಆ ತಿಂಗಳ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ. ನೆಂಟರಿಷ್ಟರೆಲ್ಲ ಸೇರಿದ್ದರು. ಅತ್ತೆ ಮಡಿಯುಟ್ಟು ಪ್ರಸಾದದ ಸಜ್ಜಿಗೆಗೆ ರವೆ ಹುರಿದಳು, ತುಪ್ಪ ಸುರಿದಳು, ಡಬ್ಬದಿಂದ ಪಾವಿನಲ್ಲಿ ಅಳೆದು ಸಕ್ಕರೆ ಹಾಕಿದಳು. ನೈವೇದ್ಯಕ್ಕೆ ಇಡುವುದನ್ನು ಮೊದಲೇ ರುಚಿ ನೋಡುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ, ನಿನಗೆ ಗೊತ್ತಲ್ಲ. ದೇವರಿಗೆ ತೋರಿಸಿ, ಮಂಗಳಾರತಿ ಮಾಡಿ, ಎಲ್ಲರ ಅಂಗೈಗೂ ಹಾಕಿದರು. ಎಲ್ಲರೂ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಬರೀ ಉಪ್ಪು! ಪ್ರಸಾದ, ಉಗಿಯುವ ಹಾಗಿಲ್ಲ. ಮುಖ ಹಿಂಡಿಕೊಂಡು ಎಲ್ಲರೂ ನುಂಗಿದರು.

ಯಾರೋ ಕಿಸಕ್ಕೆಂದರು. ಆ ಮುಜುಗರ ಕಳೆಯಲೆಂದು ಸೊಸೆ ನಗುತ್ತಾ, "ಏನತ್ತೆ, ಮುಚ್ಚಳದ ಮೇಲೆ ಬರೆದಿದ್ದೇನಲ್ಲ, ಕಣ್ಣೇನಾದರೂ ಹೋಯಿತೇ?" ಎಂದಳು. ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಅತ್ತೆಯೂ ನಕ್ಕಳು.

ಮರುದಿನದಿಂದ ಅತ್ತೆ ಅಡುಗೆಮನೆಗೆ ಬರಲಿಲ್ಲ. ಕೇಳಿದರೆ, "ಸಾಕಮ್ಮ, ಇನ್ನು ನೀನೇ ನೋಡಿಕೋ" ಅನ್ನುವಳು. ವಯಸ್ಸಾಯಿತು, ವಿಶ್ರಾಂತಿ ಬೇಕೇನೋ ಅಂತ ಎಲ್ಲರೂ ಸುಮ್ಮನಾದರು. ನಡುಮನೆಯಲ್ಲಿ ಕೂತು ಹತ್ತಿ ಬತ್ತಿ ಹೊಸೆಯುವುದೊಂದೇ ಅವಳ ಕೆಲಸವಾಯಿತು. ಮಾತೂ ಕಮ್ಮಿಯಾಯಿತು.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸೊಸೆಯ ಕೈಯಿಂದ ಒಂದು ಡಬ್ಬ ಜಾರಿತು. ಕ್ಲೇ ಒಡೆದು ಹೋಳಾಯಿತು. ಡಬ್ಬ ಉರುಳಿಕೊಂಡು ಅತ್ತೆಯ ಕಾಲಿಗೆ ತಾಗಿತು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅದನ್ನು ಎತ್ತಿಕೊಂಡಳು, ಕ್ಲೇ ಹೋದ ಜಾಗವನ್ನು ಸವರಿದಳು.

"ಅಯ್ಯೋ, ಸಕ್ಕರೆ ಡಬ್ಬ ಬಿತ್ತೇ?" ಎಂದಳು.

"ನೋಡದೆಯೇ ಹೇಗೆ ಗೊತ್ತಾಯಿತು ಅತ್ತೆ?"

"ಈ ತಗ್ಗು ನಿನ್ನ ಮಾವ ಕೆಡವಿದಾಗ ಆದದ್ದು. ಉಪ್ಪಿನ ಡಬ್ಬಕ್ಕೆ ಅಂಚು ಸೊಟ್ಟ, ರವೆಯದಕ್ಕೆ ತಳ ಉಬ್ಬಿದೆ. ಎರಡು ವರ್ಷದಿಂದ ನನಗೆ ಎಲ್ಲ ಮಂಜು ಮಂಜು ಕಣಮ್ಮ. ಹೇಳಿದರೆ ಒಲೆಯ ಹತ್ತಿರ ಬಿಡುತ್ತಿದ್ದಿರೇ? ಕೈಯಲ್ಲೇ ನೋಡಿಕೊಂಡು ನಡೆಸುತ್ತಿದ್ದೆ. ಕ್ಲೇ ಮೆತ್ತಿದ ಮೇಲೆ ಚಿಟಿಕೆ ಬಾಯಿಗೆ ಹಾಕಿ ನೋಡುತ್ತಿದ್ದೆ, ನೈವೇದ್ಯದ ದಿನ ಅದೂ ಆಗಲಿಲ್ಲ."

ಸೊಸೆ ಅಲ್ಲೇ ಕುಸಿದು ಕೂತು ಅತ್ತಳು. ಚಾಕು ತೆಗೆದುಕೊಂಡು ಎರಡು ದಿನ ಕೂತು ಎಂಟು ಡಬ್ಬದ ಕ್ಲೇಯನ್ನೂ ಹೆರೆದಳು. ತಗ್ಗು, ಸೊಟ್ಟ, ಉಬ್ಬು, ಎಲ್ಲ ಮೇಲೆ ಬಂದವು. ಅತ್ತೆಯ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಅತ್ತೆ ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದಳು. ಎಂಟೂ ಸರಿ.

"ಬನ್ನಿ ಅತ್ತೆ, ಇವತ್ತು ನೀವೇ ಮಾಡಿ" ಎಂದಳು ಸೊಸೆ.

ಅತ್ತೆ ಸಕ್ಕರೆ ಡಬ್ಬದ ಮುಚ್ಚಳ ತೆಗೆದಳು. ಚಿಟಿಕೆ ಬಾಯಿಗೆ ಹಾಕಿಕೊಂಡಳು. ಇನ್ನೊಮ್ಮೆ ಹಾಕಿಕೊಂಡಳು. ಮುಚ್ಚಳ ಮುಚ್ಚಿ ಕೆಳಗಿಟ್ಟಳು.

"ಬೇಡಮ್ಮ. ಡಬ್ಬ ಗೊತ್ತಾಗುತ್ತದೆ, ಧೈರ್ಯ ಬರುವುದಿಲ್ಲ" ಎಂದು ಗೋಡೆ ಹಿಡಿದುಕೊಂಡು ನಡುಮನೆಗೆ ಹೋಗಿ ಕೂತಳು. ಆಮೇಲೆ ಬದುಕಿರುವವರೆಗೂ ಅವಳು ಒಲೆ ಹಚ್ಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುಕುಂದನಿಗೆ ತಡೆಯಲಾಗಲಿಲ್ಲ. "ಪಾಪ, ಸೊಸೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ ಗುರುಗಳೇ. ನಿಮಗೆ ಕಣ್ಣು ಕಾಣುತ್ತದೆಯೇ ಅಂತ ಅವಳು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು" ಎಂದ.

ಗುರುಗಳು ಹೇಳಿದರು: "ಕೇಳಿದ್ದಳಲ್ಲಯ್ಯಾ, ಎಲ್ಲರ ಮುಂದೆಯೇ ಕೇಳಿದ್ದಳು, ಉತ್ತರಕ್ಕೆ ಕಾಯಲಿಲ್ಲ, ಅಷ್ಟೇ."