ಕಳ್ಳರಿಲ್ಲದ ಕಂಡ್ಲೆಕೋಡಿ

"ನನ್ನ ಕಂಡ್ಲೆಕೋಡಿಯಲ್ಲಿ ಕಳ್ಳತನವೆಂಬುದೇ ಇಲ್ಲ ಪ್ರಭೂ! ಒಂದೇ ಒಂದು ದೂರು ನಿಮ್ಮ ಕಿವಿಗೆ ಬಿದ್ದರೂ ಈ ಮೀಸೆ ಬೋಳಿಸಿಬಿಡುತ್ತೇನೆ!"

ತುಂಬಿದ ಸಭೆಯಲ್ಲಿ ಕೊತ್ವಾಲ ಭುಜಬಲಯ್ಯ ಮೀಸೆ ತಿರುವಿದ. ಎಲ್ಲರೂ ಭೇಷ್ ಅಂದರು. ಹಿಂದೆ ನಿಂತಿದ್ದ ಸೂರ ಮರಕಾಲ ಮಾತ್ರ ಬಾಯಿ ಅಗಲಿಸಿ ಆಕಳಿಸಿದ.

ಸೂರ ಅದೇ ಕಂಡ್ಲೆಕೋಡಿಯ ಮೀನುಗಾರ, ಕಡಲಿಗಿಳಿಯುವ ಮರಕಾಲರ ಕುಲದವನು. ಅರಮನೆಗೆ ಅಂಜಲ್ ಮೀನು ತರುವ ನೆಪದಲ್ಲಿ ಬಂದು ಅರಸರನ್ನು ನಗಿಸಿ ಹೋಗುವವನು. ಕಡಲಿನ ಅರ್ಧ ಉಪ್ಪು ಅವನ ನಾಲಗೆಯ ಮೇಲೇ ಇತ್ತು.

"ಏನೋ ಸೂರ, ಅಷ್ಟು ದೊಡ್ಡ ಆಕಳಿಕೆ?" ಅರಸರು ಕೇಳಿದರು.

"ಕೊತ್ವಾಲರು ಹೇಳಿದ್ದು ನಿಜ ಒಡೆಯಾ. ದೂರು ಹೇಳಿದವರ ಕಾಲಿಗೆ ಮರದ ಕೋಳ ಬೀಳುತ್ತದೆ. ಮತ್ತೆ ದೂರು ಹೊತ್ತು ಇಲ್ಲಿಯವರೆಗೆ ನಡೆದು ಬರುವವರು ಯಾರು? ನಮ್ಮ ಬಾಗಿ ದೊಡ್ಡಮ್ಮ ಕೋಳಿ ಹೋಯಿತು ಅಂದದ್ದಕ್ಕೆ ಮೂರು ದಿನದಿಂದ ಕೋಳದಲ್ಲಿ ಕೂತಿದ್ದಾಳೆ. ಇದು ದೂರಲ್ಲ ಮತ್ತೆ, ನನಗೂ ಎರಡು ಕಾಲಿವೆ."

"ಸುಳ್ಳು ಸುದ್ದಿ ಪ್ರಭೂ!" ಕೊತ್ವಾಲ ಗುಡುಗಿದ. "ಆ ಮುದುಕಿಯ ಕೋಳಿಯನ್ನು ನರಿ ತಿಂದಿದೆ."

"ಏಳು ಕೋಳಿ, ಜೊತೆಗೆ ಅರೆದಿಟ್ಟ ಮಸಾಲೆ. ನಮ್ಮೂರ ನರಿಗೆ ಬರೀ ಕೋಳಿ ರುಚಿಸುವುದಿಲ್ಲ ಅಂತ ಕಾಣುತ್ತದೆ!"

ಅರಸರಿಗೆ ನಗು ಬಂದರೂ ದನಿ ಬಿಗಿಯಾಯಿತು. "ಸೂರ, ಎಂಟು ದಿನದೊಳಗೆ ನೀನೇ ಕಳ್ಳನನ್ನು ತೋರಿಸು. ಯಾರ ಮೈಮೇಲೂ ಕೈ ಮಾಡಕೂಡದು. ಆಗದಿದ್ದರೆ ಮಳೆಗಾಲ ಬರುವವರೆಗೆ ನಿನ್ನ ದೊಡ್ಡಮ್ಮನ ಪಕ್ಕದಲ್ಲೇ ನೀನೂ ಕೋಳದಲ್ಲಿ ಕೂರಬೇಕು."

ಸೂರ ಒಮ್ಮೆ ತನ್ನ ಎರಡೂ ಕಾಲು ನೋಡಿಕೊಂಡ. ಆದರೆ ತೆರೆ ಎದ್ದಾಗ ಬೆನ್ನು ತಿರುಗಿಸಿದರೆ ಅವನೆಂಥ ಮರಕಾಲ?

"ಅಪ್ಪಣೆ ಒಡೆಯಾ. ಒಂದೇ ಬೇಡಿಕೆ. ಬಂಗುಡೆ ದಡಕ್ಕೆ ಬಂದಿದೆ, ರಂಪಣಿ ಬಲೆ ಎಳೆಯಲು ಕೈ ಸಾಲುತ್ತಿಲ್ಲ. ಆ ಎಂಟು ದಿನ ಕೊತ್ವಾಲರ ಮೂವತ್ತು ಕಾವಲುಗಾರರೂ ನಮ್ಮ ಜೊತೆ ಹಗ್ಗ ಹಿಡಿಯಲಿ."

ಕೊತ್ವಾಲ ಹೌಹಾರಿದ. "ಅದು ಹೇಗಾಗುತ್ತದೆ? ಊರು ಕಾಯುವವರು ಯಾರು?"

"ಯಾರಿಂದ ಕಾಯಬೇಕು ಸ್ವಾಮೀ? ಕಳ್ಳರೇ ಇಲ್ಲ ಅಂದಿರಲ್ಲ!"

ಅರಸರು ನಕ್ಕು, ಹಾಗೇ ಆಗಲಿ ಅಂದರು.

ರಂಪಣಿ ಅಂದರೆ ಹುಡುಗಾಟವಲ್ಲ. ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟ ಬಲೆಯನ್ನು ಎರಡೂ ತುದಿಯ ಹಗ್ಗ ಹಿಡಿದು ದಡದಿಂದ ಎಳೆಯಬೇಕು. ಕೂಗು ಬಿತ್ತೆಂದರೆ ಊರಿಗೆ ಊರೇ ಓಡುತ್ತದೆ. ಒಲೆಯ ಮೇಲಿನ ಗಂಜಿ ಒಲೆಯ ಮೇಲೇ, ತೆರೆದ ಬಾಗಿಲು ತೆರೆದೇ. ಹಗ್ಗ ಮುಟ್ಟಿದವನಿಗೆ ಮೀನಿನ ಪಾಲು, ಮುಟ್ಟದವನಿಗೆ ಮೀನಿನ ಬಾಲವೂ ಇಲ್ಲ. ಇದು ಅಜ್ಜನ ಕಾಲದ ಕಟ್ಟಳೆ. ಅಷ್ಟು ಹೊತ್ತು ಖಾಲಿ ಮನೆಗಳ ನಡುವೆ ಓಡಾಡಿಕೊಂಡಿರುತ್ತಿದ್ದವರು ಕೊತ್ವಾಲನ ಕಾವಲುಗಾರರು ಮಾತ್ರ.

ಈಗ ಅವರೂ ಹಗ್ಗಕ್ಕೆ ಬಿದ್ದರು. ಮೊದಲ ದಿನ ಅಂಗೈಯಲ್ಲಿ ಬೊಕ್ಕೆ ಎದ್ದವು. ಮೂರನೆಯ ದಿನ ಸೊಂಟ ಹಿಡಿಯಿತು.

"ಎಳೆಯಿರಿ ಮಾರಾಯ್ರೆ!" ಸೂರ ಛೇಡಿಸಿದ. "ಇಷ್ಟು ದಪ್ಪ ತೋಳು ಎಂತ ತಿಂದು ಬೆಳೆಸಿದ್ದು?"

ಅವರು ಬಾಯಿ ಬಿಟ್ಟಾರೆಂಬ ಹೆದರಿಕೆಗೆ ಕೊತ್ವಾಲನೂ ದಿನವಿಡೀ ದಡದಲ್ಲೇ ಕೊಡೆ ಹಿಡಿದು ಕೂತ.

ಎಂಟನೆಯ ದಿನ ಅರಸರೇ ದಡಕ್ಕೆ ಬಂದರು. "ಎಲ್ಲಿ ಕಳ್ಳ?"

"ಎಂಟು ದಿನದಲ್ಲಿ ಏನೇನು ಕಳವಾಯಿತು, ಊರವರನ್ನೇ ಕೇಳಿ ಒಡೆಯಾ."

"ಏನೂ ಇಲ್ಲ!" ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. "ಒಣಗಿಸಿದ ಮೀನು ಒಣಗಿಸಿದಲ್ಲೇ ಉಂಟು!"

"ನನ್ನ ಹುಂಜ ಈಗ ಹೆದರಿಕೆಯಿಲ್ಲದೆ ಕೂಗುತ್ತದೆ!" ಅಂದಳು ಒಬ್ಬಳು.

ಅರಸರು ಗಡ್ಡ ತುರಿಸಿಕೊಂಡರು. "ಕಾವಲು ಇದ್ದಾಗ ಕಳವು, ಕಾವಲು ತೆಗೆದರೆ ಕಳವಿಲ್ಲ. ಹಾಗಾದರೆ ಕಳ್ಳರೆಲ್ಲ ಎಲ್ಲಿಗೆ ಹೋದರೋ?"

"ಎಲ್ಲಿಗೂ ಹೋಗಿಲ್ಲ ಒಡೆಯಾ. ಅಗೋ, ಹಗ್ಗ ಹಿಡಿದು ನಿಂತಿದ್ದಾರೆ, ಮೂವತ್ತು ಜನ. ನಾನು ಯಾರ ಮೈಯನ್ನೂ ಮುಟ್ಟಿಲ್ಲ. ಬಲೆಯನ್ನು ಅವರೇ ಎಳೆದುಕೊಂಡರು."

ಎಲ್ಲರಿಗಿಂತ ದಪ್ಪಗಿದ್ದ ಕಾವಲುಗಾರ ಹಗ್ಗ ಬಿಟ್ಟು ದೊಪ್ಪನೆ ಅರಸರ ಕಾಲಿಗೆ ಬಿದ್ದ. "ತಪ್ಪಾಯಿತು ಬುದ್ಧೀ! ಆದರೆ ಕೋಳಿಯ ತೊಡೆ ಯಾವತ್ತೂ ಕೊತ್ವಾಲರಿಗೇ!"

"ನನಗೇನೂ ಗೊತ್ತಿಲ್ಲ ಪ್ರಭೂ!" ಕೊತ್ವಾಲ ಕೊಡೆ ಬಿಸಾಡಿ ಅರಚಿದ. "ನಾನು ಹಗ್ಗವನ್ನೇ ಮುಟ್ಟಿಲ್ಲ!"

ಅರಸರು ಹೊಟ್ಟೆ ಹಿಡಿದು ನಕ್ಕರು. ಮೊದಲು ಬಾಗಿಯ ಕೋಳ ಬಿಚ್ಚಿಸಿದರು. ಮೂವತ್ತು ಮಂದಿ ಮಳೆಗಾಲ ಬರುವವರೆಗೂ ಹಗ್ಗ ಎಳೆಯಲಿ, ಅವರ ಪಾಲಿನ ಮೀನು, ಕೋಳಿ ಕಳೆದುಕೊಂಡವರ ಮನೆಗೆ ಹೋಗಲಿ ಅಂದರು. ಆಮೇಲೆ ಸೂರನ ಕಡೆ ತಿರುಗಿದರು.

"ಕೊತ್ವಾಲನಿಗೆ ಯಾವ ಪಾಲು ಕೊಡೋಣ?"

"ಹಗ್ಗ ಮುಟ್ಟದವರಿಗೆ ಮೀನಿಲ್ಲ ಒಡೆಯಾ. ಹಾಗಂತ ಸುಮ್ಮನೆ ಕಳಿಸುವುದೂ ಚೆನ್ನಲ್ಲ. ನಮ್ಮ ದೊಡ್ಡಮ್ಮ ಈಗಷ್ಟೇ ಎದ್ದ ಜಾಗ ಇನ್ನೂ ಬೆಚ್ಚಗಿದೆ."

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಬಾಗಿ ದೊಡ್ಡಮ್ಮ ಕುಂಟುತ್ತಾ ಬಂದಳು. ಕೈಯಲ್ಲಿ ಮೀನು ಕೊಯ್ಯುವ ಕತ್ತಿ. ಕೊತ್ವಾಲನ ಮೀಸೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಅಳೆದು ನೋಡಿ, ಅರಸರಿಗೆ ಕೈ ಮುಗಿದಳು.

"ಒಡೆಯಾ, ನನ್ನದೊಂದು ದೂರು ಉಂಟು."