ಮೇಲೆ ಹೇಳಿದಂತೆ

ಹೊಳೆದಂಡೆಯ ಒಂದು ಆಶ್ರಮ. ಅಲ್ಲಿ ಹಂಪಯ್ಯ ಅಂತ ಗುರುಗಳು, ಬಾಚಣ್ಣ ಅಂತ ಶಿಷ್ಯ.

ಗುರುಗಳದ್ದು ಮಾತು ಕಡಿಮೆ. ಆ ಕೊರತೆಯನ್ನೆಲ್ಲ ಶಿಷ್ಯನೊಬ್ಬನೇ ತುಂಬಿಕೊಡುತ್ತಿದ್ದ.

ಬಂದ ದಿನವೇ ಗುರುಗಳು ಅವನಿಗೆ ಒಂದು ಸಾಲು ಕೊಟ್ಟಿದ್ದರು: ‘ಕದಡಿದ್ದು ತಾನೇ ತಿಳಿಯಾಗುತ್ತದೆ.’

“ಇದಕ್ಕೊಂದು ವ್ಯಾಖ್ಯಾನ ಬರಿ. ಮನಸ್ಸಾದರೆ ಪದ್ಯವನ್ನೂ ಬರಿ. ವರ್ಷ ತುಂಬಿದ ದಿನ ಇಬ್ಬರೂ ಕೂತು ಬರೆದದ್ದನ್ನು ನೋಡೋಣ. ಒಪ್ಪಿಗೆಯಾದರೆ ಇಲ್ಲೇ ಇರು. ಇಲ್ಲದಿದ್ದರೆ ಊರಿಗೆ.”

ಊರಿಗೆ ಹೋಗುವ ಮಾತೇ ಇರಲಿಲ್ಲ. ಪಂಡಿತನಾಗದೆ ಮತ್ತೆ ಈ ಮನೆ ಹೊಸಿಲು ತುಳಿಯೋದಿಲ್ಲ ಅಂತ ಬಾಚಣ್ಣ ಊರವರ ಮುಂದೆಲ್ಲ ಎದೆ ತಟ್ಟಿ ಹೇಳಿ ಬಂದಿದ್ದ. ದಾರಿಗೆ ಅಡ್ಡ ಬಂದ ಎಮ್ಮೆಗೂ ಹೇಳಿ ಬಂದಿದ್ದ.

ಅದಕ್ಕೇ ಬರೆದ. ಬರೆದ ಅಂದರೆ ಸಾಮಾನ್ಯ ಬರಹವಲ್ಲ. ಅವನು ಕಬ್ಬಿಣದ ಕಂಟ ಹಿಡಿದು ಓಲೆಯ ಮೇಲೆ ಕೊರೆಯಲು ಕೂತರೆ ಆಚೆ ದಡದ ಮರಕುಟಿಗಗಳು ನಾಚಿ ಕೆಲಸ ನಿಲ್ಲಿಸುತ್ತಿದ್ದವು. ಆರೇ ತಿಂಗಳಿಗೆ ಆ ಸೀಮೆಯ ತಾಳೆಮರಗಳೆಲ್ಲ ಬೋಳಾದವು. ಅವುಗಳ ನೆರಳಿಗೆ ಬರುತ್ತಿದ್ದ ಮೇಕೆಗಳು ಬೇರೆ ಊರು ನೋಡಿಕೊಂಡವು.

ವರ್ಷ ತುಂಬಿದ ಬೆಳಿಗ್ಗೆ, ವ್ಯಾಖ್ಯಾನದ ಮುನ್ನೂರು ಓಲೆ, ಪದ್ಯದ ನೂರು ಓಲೆ, ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿ, ಕಟ್ಟನ್ನು ಹೆಗಲ ಮೇಲೆ ಹೊತ್ತು ತಂದು ಜಗಲಿಗೆ ಇಳಿಸಿದ. ಜಗಲಿ ಒಂದು ಗೇಣು ಕುಸಿಯಿತು.

“ಗುರುಗಳೇ, ಇನ್ನು ಈ ಸಾಲಿನ ಬಗ್ಗೆ ಲೋಕದಲ್ಲಿ ಯಾರೂ ಏನೂ ಬರೆಯಬೇಕಾಗಿಲ್ಲ.”

ಗುರುಗಳು ನಾಲ್ಕು ಓಲೆ ಮಗುಚಿ ನೋಡಿದರು. “ಅಂಕೆ ಹಾಕಿಲ್ಲವಲ್ಲ.”

“ಅಂಕೆ ಯಾಕೆ? ನನ್ನ ವಿಚಾರವೇ ಸರಪಳಿಯ ಹಾಗಿದೆ. ಒಂದು ಕೊಂಡಿ ಎಳೆದರೆ ಮುಂದಿನದು ತಾನಾಗಿ ಬರುತ್ತದೆ.”

ಗುರುಗಳು ಗಂಟು ಬಿಚ್ಚಿದರು. ದಾರ ಎಳೆದು ತೆಗೆದರು. ನಾನೂರು ಓಲೆಯನ್ನೂ ಎರಡೂ ಕೈಯಿಂದ ಅವಲಕ್ಕಿ ಕಲಸುವ ಹಾಗೆ ಕಲಸಿಬಿಟ್ಟರು.

“ಜೋಡಿಸು,” ಅಂದು ಹೊಳೆಗೆ ಸ್ನಾನಕ್ಕೆ ಹೋದರು.

ಬಾಚಣ್ಣ ಸ್ವಲ್ಪ ಹೊತ್ತು ಆ ರಾಶಿಯನ್ನು ನೋಡಿದ, ಸ್ವಲ್ಪ ಹೊತ್ತು ಗುರುಗಳ ಬೆನ್ನನ್ನು ನೋಡಿದ. ಬೈಯುವ ಹಾಗಿಲ್ಲ, ಅಳುವ ಹಾಗಿಲ್ಲ. ಕೂತು ಒಂದು ಓಲೆ ಎತ್ತಿಕೊಂಡ.

‘ಮೇಲೆ ಹೇಳಿದಂತೆ, ಕದಡುವಿಕೆಯು ಬಹುವಿಧವು. ಇದನ್ನು ಮುಂದೆ ವಿವರಿಸಲಾಗುವುದು.’

ಮೇಲೆ ಹೇಳಿದಂತೆ ಅಂದಮೇಲೆ ಇದು ಮೊದಲನೆಯದಲ್ಲ. ಪಕ್ಕಕ್ಕಿಟ್ಟು ಇನ್ನೊಂದು ಎತ್ತಿದ.

‘ಈಗಾಗಲೇ ನಿರೂಪಿಸಿರುವ ಕಾರಣ, ತಿಳಿಯ ಲಕ್ಷಣವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅದರ ಫಲವು ಮುಂದೆ ಬರುತ್ತದೆ.’

ಮೂರನೆಯದು: ‘ಮೇಲೆ ಹೇಳಿದಂತೆ.’ ನಾಲ್ಕನೆಯದು: ‘ಮೇಲೆ ಹೇಳಿದಂತೆ.’ ನಲವತ್ತನೆಯ ಓಲೆಯ ಹೊತ್ತಿಗೆ ಬಾಚಣ್ಣನಿಗೆ ಆ ಮೇಲೆ ಹೇಳಿದವನು ಕೈಗೆ ಸಿಕ್ಕರೆ ಸಾಕು ಅನ್ನಿಸಿತ್ತು.

ಪದ್ಯದಲ್ಲಾದರೂ ದಾರಿ ಸಿಕ್ಕೀತು ಅಂದುಕೊಂಡ. ಒಂದೊಂದು ಪದ್ಯದಲ್ಲೂ ಚಂದ್ರ ಹುಟ್ಟುತ್ತಿದ್ದ. ಎಣಿಸಿದರೆ ತೊಂಬತ್ತು ಜನ ಚಂದ್ರರು. ಒಬ್ಬನಾದರೂ ಮುಳುಗಿರಲಿಲ್ಲ.

ಅಡುಗೆಯ ನೀಲಜ್ಜಿ ಪೊರಕೆ ಹಿಡಿದು ಬಂದಳು. “ಏಳೋ ಪಂಡಿತ, ಜಗಲಿ ಗುಡಿಸಬೇಕು.”

“ತಡಿ ಅಜ್ಜಿ. ಒಂದೇ ಒಂದು ಓಲೆ ಸಿಗಬೇಕು.”

“ಯಾವುದು?”

“ಹೇಳಿದ್ದು ಇರೋದು. ಮಿಕ್ಕಿದ್ದರಲ್ಲೆಲ್ಲ ಆಗಲೇ ಹೇಳಿದೆ, ಆಮೇಲೆ ಹೇಳ್ತೇನೆ ಅಂತಷ್ಟೇ ಇದೆ.”

“ನಮ್ಮ ಯಜಮಾನರೂ ಹಾಗೇ ಇದ್ದರು ಕಣೋ. ಮಾಳಿಗೆ ಸೋರ್ತದೆ ಅಂದರೆ, ಆಗಲೇ ಹೇಳಿದೆನಲ್ಲ ಅನ್ನೋರು. ಇಲ್ಲ, ನಾಳೆ ಹೇಳ್ತೀನಿ ಅನ್ನೋರು. ಮೂವತ್ತು ವರ್ಷ ತಲೆ ಮೇಲೆ ಮೊರ ಇಟ್ಟುಕೊಂಡು ಮಲಗಿದೆ.”

ಅವಳು ಅವನನ್ನು ಬಿಟ್ಟು ಸುತ್ತ ಗುಡಿಸಿಕೊಂಡು ಹೋದಳು.

ಮಧ್ಯಾಹ್ನ ಗುರುಗಳು ಬಂದರು. “ಮೊದಲನೆಯ ಓಲೆ ಸಿಕ್ಕಿತೇ?”

“ಇಲ್ಲ.”

“ಕೊನೆಯದು?”

“ಅದೂ ಇಲ್ಲ. ಎಲ್ಲ ನಡುವಿನವೇ.”

“ಅಲ್ಲ ಬಾಚಣ್ಣ, ಆ ಸಾಲಿನ ಅರ್ಥವೇ ನಿನಗೆ ಗೊತ್ತಾಗಲಿಲ್ಲವೇನು?”

ಬೆಳಗಿನಿಂದ ತಡೆದುಕೊಂಡಿದ್ದ ಬಾಚಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

“ಅದರಲ್ಲಿ ಗೊತ್ತಾಗದೆ ಇರೋದು ಏನಿದೆ, ಗುರುಗಳೇ? ನಮ್ಮವ್ವ ಗಾಣದಿಂದ ತಂದ ಎಣ್ಣೆಯನ್ನು ಮಡಕೆಗೆ ಸುರಿದು ಎಂಟು ದಿನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ. ನನಗೆ ತಾಳ್ಮೆ ಎಲ್ಲಿದೆ? ತಿಳಿಯಾಯಿತಾ ಅಂತ ದಿನಾ ಕದ್ದು ಹೋಗಿ ಮಡಕೆ ಅಲ್ಲಾಡಿಸಿ ನೋಡೋದು. ಎಂಟನೇ ದಿನ ಅವ್ವ ಮುಚ್ಚಳ ತೆಗೀತಾಳೆ, ಮೊದಲ ದಿನದಷ್ಟೇ ರಾಡಿ. ನೋಡೋದು ಬಿಟ್ಟಿದ್ದರೆ ನಾಲ್ಕೇ ದಿನಕ್ಕೆ ಆಗಿರೋದಲ್ಲೋ ಅಂತ ಸೌಟಿನಲ್ಲಿ ಬೆನ್ನಿಗೆ ಕೊಟ್ಟಳು. ಸುಮ್ಮನಿದ್ದರೆ ಗಸಿ ತಾನೇ ತಳಕ್ಕೆ ಕೂರುತ್ತದೆ. ಅಷ್ಟೇ. ಇದಕ್ಕೆ ಒಂದು ವರ್ಷ ಬೇಕೇ?”

ಗುರುಗಳು ರಾಶಿಯ ಕಡೆ ಕೈ ತೋರಿದರು.

“ಇದು ಯಾವ ಓಲೆಯಲ್ಲಿದೆ?”

ಬಾಚಣ್ಣನ ದನಿ ಇಳಿಯಿತು. “ಯಾವುದರಲ್ಲೂ ಇಲ್ಲ.”

“ಯಾಕೆ?”

“ಇಂಥದ್ದನ್ನೆಲ್ಲ ಬರೆಯುತ್ತಾರೆಯೇ, ಗುರುಗಳೇ? ಇದು ಅವ್ವನ ಕೈಲಿ ಹೊಡೆಸಿಕೊಂಡ ಮಾತು.”

ಅಂದವನು ರಾಶಿಯ ಕಡೆ ತಿರುಗಿದ. ಒಂದು ವರ್ಷ ಅಲ್ಲಿ ಬಿದ್ದಿತ್ತು. ಒಂದು ಹಿಡಿ ಓಲೆ ಎತ್ತಿಕೊಂಡು ಕೇಳಿದ: “ಹಾಗಾದರೆ ಇದನ್ನೆಲ್ಲ ಹೊಳೆಗೆ ಹಾಕಲೇ?”

“ಎಣ್ಣೆ ಬಗ್ಗಿಸಿಕೊಂಡ ಮೇಲೆ ಆ ಗಸಿಯನ್ನು ನಿಮ್ಮವ್ವ ಏನು ಮಾಡುತ್ತಿದ್ದಳು?”

ಬಾಚಣ್ಣ ಯೋಚಿಸಿದ. “ಗೊತ್ತಿಲ್ಲ. ಎಸೆಯುವವಳಂತೂ ಅಲ್ಲ. ನಾನು ಕೇಳಿಲ್ಲ.”

ಗುರುಗಳು ಓಲೆಗಳನ್ನು ಕೈಗೆ ಬಂದ ಹಾಗೆ ಎತ್ತಿ ದಾರಕ್ಕೆ ಪೋಣಿಸತೊಡಗಿದರು.

“ಹೋಗಿ ಕೇಳಿಕೊಂಡು ಬಾ. ನೀನು ಬರುವವರೆಗೆ ಈ ಕಟ್ಟು ನನ್ನ ಹತ್ತಿರ ಇರಲಿ.”

“ಊರಿಗೇ? ಯಾವ ಮುಖ ಹೊತ್ತುಕೊಂಡು ಹೋಗಲಿ? ಪಂಡಿತನಾಗದೆ ಬರೋದಿಲ್ಲ ಅಂತ ಹೇಳಿ ಬಂದವನು ನಾನು.”

ಗುರುಗಳು ಗಂಟು ಬಿಗಿದರು.

“ಪಂಡಿತನಾಗಿ ಹೋದರೆ ಅವ್ವನನ್ನು ಕೇಳುವುದು ಹೇಗಪ್ಪ?”